ತೊಡೆಗೆ ಕೈ ಹಾಕಬಹುದೇ?

ಗದಾಯುದ್ಧದಲ್ಲಿ ಹೊಕ್ಕುಳ ಕೆಳಗೆ ಹೊಡೆಯುವುದು ಅಧರ್ಮ. ಭೀಮ ತೊಡೆ ಮುರಿದಾಗ ಬಲರಾಮ ನೇಗಿಲೆತ್ತಿಕೊಂಡು ಎದ್ದ. ಕೊಳಾಲದಲ್ಲಿ ನಾನು ಕಬಡ್ಡಿ ಹುಡುಗರಿಗೆ ಕಲಿಸುವುದೋ ಬಹುಪಾಲು ಹೊಕ್ಕುಳ ಕೆಳಗಿನ ವಿದ್ಯೆ: ತೊಡೆ, ಮೊಣಕಾಲು, ಕಣಕಾಲು. "ಹಂಗಾದ್ರೆ ನಾವ್ ಮಾಡೋದು ಅಧರ್ಮನಾ ಸಾರ್?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ.

ನನಗೆ ತೋರುವುದು ಹೀಗೆ. ಅಧರ್ಮ ಇರುವುದು ಮೈಯ ಯಾವ ಭಾಗ ಎಂಬುದರಲ್ಲಲ್ಲ, ಹಿಡಿದ ಮೇಲೆ ಕೈ ಏನು ಮಾಡುತ್ತದೆ ಎಂಬುದರಲ್ಲಿ. ರೈಡರ್‌ನ ಕಣಕಾಲು ಸಿಕ್ಕರೆ ನಿನ್ನ ಎದೆಯತ್ತ ನೇರ ಎಳೆ, ತಿರುಚಬೇಡ. ತಿರುಚಿದರೆ ಅವನ ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು. ಮಂಡಿ ಬಾಗಿರಲಿ, ಬೆನ್ನು ನೇರವಿರಲಿ, ಗದ್ದ ಮೇಲಿರಲಿ. ಹಿಡಿಯಬೇಕಾದವನನ್ನು ನೋಡುತ್ತಲೇ ಹಿಡಿ. ತಲೆ ಬಗ್ಗಿಸಿ ನುಗ್ಗಿದರೆ ಪೆಟ್ಟೆಲ್ಲ ಕುತ್ತಿಗೆಯ ಮೂಳೆಗೆ. ಅಮೆರಿಕನ್ ಫುಟ್‌ಬಾಲಿನವರಿಗೆ ಗಟ್ಟಿ ಹೆಲ್ಮೆಟ್ ಇದೆ. ಆದರೂ ತಲೆ ತಗ್ಗಿಸಿ ಗುದ್ದುವುದನ್ನು ಅಲ್ಲಿನ ಎನ್‌ಎಫ್‌ಎಲ್ 2018ರಲ್ಲಿ ಫೌಲ್ ಮಾಡಿತು. ನಮ್ಮವರ ತಲೆಗೆ ಇರುವುದು ಕೂದಲಷ್ಟೇ.

ಕಬಡ್ಡಿಯ ನಿಯಮಗಳೂ ರೈಡರ್‌ನ ಬಾಯಿ ಮುಚ್ಚಿ ಉಸಿರು ಕಟ್ಟಿಸುವುದನ್ನು, ಕಾಲುಗಳಿಂದ ಕತ್ತರಿ ಹಾಕುವುದನ್ನು ನಿಷೇಧಿಸಿವೆ. ಆದರೆ ರೆಫರಿಯ ಕಣ್ಣು ತಪ್ಪಿಸಿ ಒಂದಿಷ್ಟು ತಿರುಚಲು ಯಾರಿಗೂ ಕಷ್ಟವಿಲ್ಲ. ಅಹಿಂಸೆಯೆಂದರೆ ಮೈ ಮುಟ್ಟದಿರುವುದು ಎಂದುಕೊಂಡವರು ಅಂಕಣಕ್ಕೆ ಬಂದು ನೋಡಬೇಕು: ನೋಯಿಸಬಲ್ಲ ಕೈ ನೋಯಿಸದೆ ನಿಂತಾಗಲೇ ಅದರ ಪರೀಕ್ಷೆ. ಕೈಕಟ್ಟಿ ಕೂತವನಿಗೆ ಆ ಪರೀಕ್ಷೆಯೇ ಇಲ್ಲ.

ಸೀಟಿ ಊದಿದ ಮೇಲೂ ಹಿಡಿತ ಬಿಡದವನನ್ನು, ಎಷ್ಟೇ ಬಲವಿರಲಿ, ನಾನು ಏಳು ಜನರಲ್ಲಿ ಸೇರಿಸುವುದಿಲ್ಲ.