ನಮ್ಮ ನಂತರ ಕೂರುವವರು

ಬೆಂಗಳೂರಿನಿಂದ ಹೊಸೂರಿಗೆ ಹೋಗುವಾಗ ಅತ್ತಿಬೆಲೆ ದಾಟಿದೊಡನೆ ಸಿಗುವುದು ತಮಿಳುನಾಡಿನ ಜೂಜುವಾಡಿ. ಈ ಗಡಿಸೀಮೆಯಲ್ಲಿ ಮನೆಮಾತು ಕನ್ನಡವೋ ತೆಲುಗೋ ಆಗಿರುವ ಎಷ್ಟೋ ಮಕ್ಕಳು ಶಾಲೆಯಲ್ಲಿ ತಮಿಳು ಕಲಿತು, ಕಂಪ್ಯೂಟರಿನ ಮುಂದೆ ಇಂಗ್ಲಿಷಿನ ಜೊತೆ ಏಗುತ್ತಾರೆ. ಇಂಥ ಕಡೆಯ ಲ್ಯಾಬೊಂದರಲ್ಲಿ ಹುಡುಗಿಯೊಬ್ಬಳು ತಮಿಳು99 ಕೀಲಿಮಣೆ ಹಾಕಿಕೊಂಡು ಟೈಪ್ ಮಾಡಿ, ಅದನ್ನು ಬದಲಿಸದೆ ಎದ್ದುಹೋದಳು ಎನ್ನಿ. ಮುಂದೆ ಬಂದು ಕೂತವನು ಪಾಸ್‌ವರ್ಡ್ ಒತ್ತಿದರೆ ಖಾತೆ ತೆರೆಯುವುದಿಲ್ಲ. ಪರದೆಯ ಮೇಲೆ ಬರೀ ಚುಕ್ಕಿಗಳು; ಬಿದ್ದದ್ದು ಯಾವ ಲಿಪಿಯೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯನ್ನು ಹಾಗೇ ಬಿಟ್ಟುಹೋದರೂ ಇದೇ ಫಜೀತಿ. ಇದರಲ್ಲಿ ಯಾರೂ ಕೆಟ್ಟವರಲ್ಲ. ತನ್ನ ಹಿಂದೆಯೇ ಇನ್ನೊಬ್ಬ ಬರುತ್ತಾನೆಂಬುದು ಅವಳಿಗೆ ಹೊಳೆಯಲಿಲ್ಲ, ಅಷ್ಟೆ.

ಲ್ಯಾಬಿನ ಗೋಡೆಯ ಮೇಲಿನ ಸೂಚನೆಗಳನ್ನು ನೋಡಿ. ಚಪ್ಪಲಿ ಹೊರಗೆ ಬಿಡಿ, ತಿಂಡಿ ತರಬೇಡಿ, ಪೆನ್‌ಡ್ರೈವ್ ಹಾಕಬೇಡಿ. ಎಲ್ಲವೂ ಯಂತ್ರವನ್ನು ಮಕ್ಕಳಿಂದ ಕಾಪಾಡುವಂಥವು. ಒಂದು ಮಗುವನ್ನು ಇನ್ನೊಂದರ ಮರೆವಿನಿಂದ ಕಾಪಾಡುವ ಮಾತು ಅಲ್ಲಿ ಕಾಣುವುದು ಅಪರೂಪ.

ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ವ್ಯವಸ್ಥೆ ಬಂದಾಗ, ಒಬ್ಬೊಬ್ಬರಿಗೂ ಇಷ್ಟೇ ಸಮಯವೆಂದು ಗೊತ್ತುಮಾಡಿ ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಮುದ್ರಿಸಿಕೊಂಡ. ತನ್ನ ಪಾಲಿನ ಸಮಯ ಅವನಿಗೆ ಸಾಲುತ್ತಿರಲಿಲ್ಲ. ಅದೇ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದವರು ಅದೇ ದಶಕದ ಕೊನೆಗೆ ತದ್ವಿರುದ್ಧ ದಾರಿ ಹಿಡಿದರು. ಅವರ ವ್ಯವಸ್ಥೆಗೆ ಪಾಸ್‌ವರ್ಡೇ ಇರಲಿಲ್ಲ. ಯಾರು ಬೇಕಾದರೂ ಒಂದು ಆದೇಶ ಕೊಟ್ಟು ಇಡೀ ಯಂತ್ರವನ್ನು ಕೆಡವಬಹುದಿತ್ತು. ಅಷ್ಟು ಸುಲಭವಾದ ಮೇಲೆ ಕೆಡವುವುದರಲ್ಲಿ ಏನು ಹೆಚ್ಚುಗಾರಿಕೆ! ಉಪಾಯ ಸೊಗಸಾಗಿದೆ, ಆದರೆ ಅಲ್ಲಿ ಬಹುಪಾಲು ಜನ ಒಬ್ಬರಿಗೊಬ್ಬರು ಗೊತ್ತಿದ್ದವರು. ಪೀರಿಯಡ್ಡಿಗೊಂದು ತರಗತಿ ಬಂದುಹೋಗುವ ನಮ್ಮ ಲ್ಯಾಬುಗಳಲ್ಲಿ ಕುರ್ಚಿ ಬಿಟ್ಟವನಿಗೂ ಹಿಡಿದವನಿಗೂ ಮುಖಪರಿಚಯವೇ ಇರುವುದಿಲ್ಲ.

ಹಾಗಾಗಿ ಲಾಗ್‌ಔಟ್ ಮಾಡದೆ ಹೋದವರ ಮೇಲ್ ಪರದೆಯ ಮೇಲೆ ತೆರೆದೇ ಇರುವ ಗಳಿಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಓದಿದರೆ ಯಾರಿಗೂ ತಿಳಿಯದು. ಓದದೆ ಮುಚ್ಚಿದರೂ ಯಾರಿಗೂ ತಿಳಿಯದು. ಥ್ಯಾಂಕ್ಸ್ ಹೇಳಲು ಆ ಮೇಲ್ ಖಾತೆಯ ಒಡೆಯನಿಗೆ ನಡೆದದ್ದೇ ಗೊತ್ತಿರುವುದಿಲ್ಲ. ಹಿರಿಯರು ಎದುರಿಗಿದ್ದಾಗ ಎದ್ದು ನಿಲ್ಲುವುದನ್ನು ನಾವು ಮಕ್ಕಳಿಗೆ ಚೆನ್ನಾಗಿಯೇ ಕಲಿಸಿದ್ದೇವೆ. ಎದುರಿಗೆ ಯಾರೂ ಇಲ್ಲದಾಗಿನ ಮರ್ಯಾದೆಗೆ ನಮ್ಮಲ್ಲಿ ಪಾಠ ಕಡಿಮೆ.

ಇನ್ನು ಒಂದೇ ಯಂತ್ರಕ್ಕೆ ಇಬ್ಬರೋ ಮೂವರೋ ಕೂರುವ ಲ್ಯಾಬುಗಳು. ಇಲ್ಲಿ ಗದ್ದಲ ಮಾಡಿದವನನ್ನು ಮೇಷ್ಟ್ರು ಗದರುತ್ತಾರೆ. ಸದ್ದಿಲ್ಲದೆ ಮೌಸ್ ಹಿಡಿದೇ ಕೂತವನನ್ನು ಜಾಣ ಎನ್ನುತ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗನ ಕೈ ತಾನಾಗಿ ಮೌಸಿನತ್ತ ಹೋಗುತ್ತದೆ. ಇಲ್ಲದವಳು ಪಕ್ಕದಲ್ಲಿ ಕೂತು ನೋಡುತ್ತಾಳೆ, ನೋಟ್ಸ್ ಬರೆದುಕೊಳ್ಳುತ್ತಾಳೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಯಂತ್ರದ ಮುಂದೆ ಅವಳೊಬ್ಬಳೇ. ಅವನು ತನ್ನ ಕೈ ಹಿಂದಕ್ಕೆ ತೆಗೆದುಕೊಂಡು, ಅವಳು ತಡಕಾಡುವಷ್ಟು ಹೊತ್ತೂ ಬಾಯಲ್ಲಿ ಮಾತ್ರ ಹೇಳಿಕೊಡುವುದು ಬಲು ಕಷ್ಟದ ಕೆಲಸ. ಗೊತ್ತಿರುವವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವಳಾದರೂ ಮೌಸ್ ಕೊಡು ಎಂದು ಕೇಳುವವಳಲ್ಲ.