ಇಂದಿನ ಧಮ್ಮ ಚಿಂತನೆ: ಶಿಕ್ಷೆ ಅಂದರೆ ಏಟಲ್ಲ



ಒಂಬತ್ತನೇ ತರಗತಿಯ ನನ್ನ ಮಗ ಒಂದು ಶನಿವಾರ ನಡುರಾತ್ರಿ ಹೊದಿಕೆಯೊಳಗೆ ಮೊಬೈಲ್ ಗೇಮ್ ಆಡುತ್ತಿದ್ದ. "ಇನ್ನು ಮುಟ್ಟಲ್ಲ ಅಪ್ಪ" ಎಂದು ಮೂರು ಸಲ ಮಾತು ಕೊಟ್ಟಿದ್ದವನು. ಕಪಾಳಕ್ಕೆ ಹೊಡೆದೆ.

ಮಾರನೇ ದಿನ ರಾಂಪುರದ ನಮ್ಮ ಬಳಗದಲ್ಲಿ ಪಂಚಶೀಲ ಹೇಳಿಕೊಡುವ ಸರದಿ ನನ್ನದೇ. 'ಸಿಕ್ಖಾಪದ' ಎಂಬ ಮಾತಿಗೆ ಬಂದಾಗ ನಾಲಿಗೆ ತಡವರಿಸಿತು. ಕನ್ನಡದಲ್ಲಿ ನಾವು ಶಿಕ್ಷೆ ಅಂದರೆ ದಂಡನೆ ಅಂತಲೇ ತಿಳಿಯುತ್ತೇವೆ. ಪಾಲಿಯಲ್ಲಿ ಸಿಕ್ಖಾ ಅಂದರೆ ಕಲಿಕೆ, ಅಭ್ಯಾಸ. ಪಂಚಶೀಲ ಯಾರೋ ಹಾಕಿದ ಅಪ್ಪಣೆಯಲ್ಲ, ಅಭ್ಯಾಸ ಮಾಡುತ್ತೇನೆಂದು ನಾವೇ ಒಪ್ಪಿಕೊಳ್ಳುವುದು. ಎಲ್ಲ ಜೀವಿಗಳಿಗೂ ಕರುಣೆ ತೋರುವೆನೆಂದು ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲಿ ನಾನೂ ಹೇಳಿದವನೇ. ಆ ಜೀವಿಗಳಲ್ಲಿ ನನ್ನ ಮಗ ಸೇರಿರಲಿಲ್ಲವೇ?

ಬಳ್ಳಾರಿಯ ಆಪ್ತ ಸಮಾಲೋಚಕಿಯೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆಸಿದರು. ಆಡಬೇಕೆನ್ನಿಸಿದ್ದು ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನಾಯಿತು, ಆಮೇಲೆ ಹೇಗನ್ನಿಸಿತು, ಅವನೇ ಬರೆಯಬೇಕು. ಆಸೆ ಬಂದಾಗ ಹತ್ತು ನಿಮಿಷ ತಡೆದು ನೋಡಬೇಕು. ರಾತ್ರಿ ಫೋನು ಅಡುಗೆಮನೆಯಲ್ಲಿರಬೇಕು, ನನ್ನದೂ ಸೇರಿ. ವಾರದಲ್ಲಿ ನಾಲ್ಕು ದಿನ ಪಾಲಿಸಿದರೆ ಭಾನುವಾರ ಕ್ರಿಕೆಟ್ಟಿಗೆ ಬಿಡಬೇಕು. ಇದಕ್ಕೆ ವರ್ತನಾ ಚಿಕಿತ್ಸೆ ಎನ್ನುತ್ತಾರಂತೆ. ಮೊಬೈಲ್ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ಗೆರೆ ನೋಡಿದಾಗ ನನಗೆ ರಾಹುಲನ ನೆನಪಾಯಿತು. ಭಗವಾನ್ ಬುದ್ಧರು ತಮ್ಮ ಸ್ವಂತ ಮಗನಿಗೆ ಅಂಬಲಟ್ಠಿಕದಲ್ಲಿ ಹೇಳಿದ್ದೂ ಇದನ್ನೇ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ ಕೆಲಸವನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ತಪ್ಪಾಗಿದ್ದರೆ ತಿಳಿದವರ ಮುಂದೆ ಹೇಳಿಕೋ, ಮುಂದೆ ಎಚ್ಚರವಾಗಿರು. ಸುಳ್ಳಿನ ಬಗ್ಗೆ ರಾಹುಲನಿಗೆ ಕೊಟ್ಟ ಆ ಉಪದೇಶವನ್ನು ಎಲ್ಲರೂ ಕೇಳಬೇಕೆಂದು ಅಶೋಕ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಬರೆಸಿದ್ದಾನೆ. ಅದೇ ಅಶೋಕ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಇನ್ನೊಂದು ಮಾತು ಒಪ್ಪಿಕೊಂಡಿದ್ದಾನೆ: ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮ ಪಡಲಿಲ್ಲ ಎಂದು. ಚಕ್ರವರ್ತಿಗೇ ವರ್ಷ ಬೇಕಾಯಿತು. ಹದಿನಾಲ್ಕರ ಹುಡುಗನಿಗೆ ನಾನು ಕೊಟ್ಟದ್ದು ಒಂದು ವಾರ!

ಎರಡು ವಾರದ ಮೇಲೆ ನೋಟ್‌ಬುಕ್ ತೋರಿಸಿದ. 'ಅದಕ್ಕೆ ಮೊದಲು ಏನಾಯಿತು' ಎಂಬ ಸಾಲಿನಲ್ಲಿ ಆರು ಕಡೆ ಒಂದೇ ಮಾತು: "ಅಪ್ಪ ಬೈದರು." ಓದಿ ಸುಮ್ಮನೆ ಕೂತೆ. ಈಗ ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನನ್ನ ಸಿಟ್ಟಿನ ಲೆಕ್ಕ ನಾನೂ ಬರೆಯುತ್ತಿದ್ದೇನೆ. ಹತ್ತು ನಿಮಿಷ ತಡೆಯುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಗುತ್ತಿದೆ.

ಮೊನ್ನೆ ಮತ್ತೆ ತಪ್ಪಿದ, ರಾತ್ರಿ ಎರಡು ತಾಸು ಆಡಿದ್ದಾನೆ. ಬೆಳಿಗ್ಗೆ ನಾನು ಕೇಳುವ ಮೊದಲೇ ತಾನೇ ಬಂದು ಹೇಳಿದ.

ಜೈ ಭೀಮ್ 💙