ಯಾವ ತುಂಡಿನ ರಿಪೋರ್ಟ್?

ಗಡ್ಡೆ ಒಂದೇ, ರಿಪೋರ್ಟ್ ಎರಡು. ಗುತ್ತಿಗಾರಿನ ನನ್ನ ಚಿಕ್ಕಮ್ಮನ ಸ್ತನದ ಕ್ಯಾನ್ಸರ್ ಗಡ್ಡೆಗೆ ಸೂಜಿ ಹಾಕಿ ತೆಗೆದ ತುಂಡಿನಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಶೇ. 90, ಹರ್-2 ಎಂಬ ಪ್ರೋಟೀನ್ ಎರಡು ಪ್ಲಸ್. ಆಪರೇಷನ್ ಆಗಿ ಇಡೀ ಗಡ್ಡೆ ಇನ್ನೊಂದು ಲ್ಯಾಬಿಗೆ ಹೋದಾಗ ಈಸ್ಟ್ರೋಜನ್ ನೆಗೆಟಿವ್, ಹರ್-2 ಒಂದು ಪ್ಲಸ್. ಮೊದಲನೆಯದು ಸರಿಯಾದರೆ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ; ಎರಡನೆಯದು ಸರಿಯಾದರೆ ಆ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಹರ್-2 ಇದೆ ಅಂತಾದರೆ ಲೆಕ್ಕವೇ ಬೇರೆ: ಮೂರು ವಾರಕ್ಕೊಮ್ಮೆ ಟ್ರಾಸ್ಟುಝುಮಾಬ್ ಎಂಬ ಔಷಧಿ, ಒಂದು ವರ್ಷ.

ಇಂಥ ಹೊತ್ತಿನಲ್ಲಿ ಪರದೇಶದಲ್ಲಿರುವ ನಾವು ಏನು ಮಾಡುತ್ತೇವೆಂದು ಈ ಸಂಚಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಮನೆಯ ವಾಟ್ಸಾಪ್ ಗುಂಪಿಗೆ ದುಬೈಯ ಭಾವನಿಂದೊಂದು ಲಿಂಕ್, ನ್ಯೂಜೆರ್ಸಿಯ ಅಕ್ಕನಿಂದ ಇನ್ನೊಂದು. ಲ್ಯಾಬ್ ಸರಿಯಿಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಯಾವ ಲ್ಯಾಬ್ ಎಂಬುದರಲ್ಲಿ ಇಲ್ಲ. ಊರಿನವರು ಹೊಸ ರಿಪೋರ್ಟಿನ ಪಕ್ಷ. ದೊಡ್ಡ ತುಂಡು ನೋಡಿ ಹೇಳಿದ್ದಲ್ಲವೇ!

ಕೇಳಬೇಕಾದ್ದನ್ನು ಕೇಳಿದ್ದು ಚಿಕ್ಕಮ್ಮನೇ. ಅಡಿಕೆಗೆ ಎಲೆಚುಕ್ಕಿ ಬಂದಾಗ ತೋಟದ ಮಣ್ಣನ್ನು ಎರಡು ಕಡೆ ಪರೀಕ್ಷೆಗೆ ಕೊಟ್ಟು ನೋಡಿದವರು. "ಎರಡು ಕಡೆಗೂ ಹೋದದ್ದು ಒಂದೇ ತುಂಡಾ? ಎಲ್ಲಿಂದ ತೆಗೆದದ್ದು, ಹೇಗೆ ಇಟ್ಟದ್ದು ಅಂತ ಕೇಳು ಮಾರಾಯ."

ಒಂದೇ ಗಡ್ಡೆಯೊಳಗೆ ಎಲ್ಲ ಜೀವಕೋಶಗಳೂ ಒಂದೇ ತರಹ ಇರುವುದಿಲ್ಲ. ಸೂಜಿಗೆ ಸಿಗುವುದು ನೂಲಿನಷ್ಟು. ಅದು ಒಂದು ಕಾರಣ. ಆದರೆ ನಾವು ಯಾರೂ ಯೋಚಿಸದ ಇನ್ನೊಂದು ಕಾರಣ ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣ. ದೇಹದಿಂದ ತೆಗೆದ ಅಂಗಾಂಶ 1 ಗಂಟೆಯೊಳಗೆ ಫಾರ್ಮಾಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು ಎನ್ನುತ್ತದೆ ಅಮೆರಿಕದ ತಜ್ಞ ಸಂಘಗಳ ನಿಯಮ. ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್ ಮಾತ್ರ. ಸೂಜಿಯ ತುಂಡಿಗೆ ಅಷ್ಟು ಸಾಕು. ಇಡೀ ಗಡ್ಡೆಯನ್ನು ಸೀಳದೆ ಹಾಗೆಯೇ ಡಬ್ಬಿಗೆ ಹಾಕಿ ದೂರದ ಲ್ಯಾಬಿಗೆ ಕಳಿಸಿದರೆ ಮಧ್ಯಭಾಗ ದಾರಿಯಲ್ಲೇ ಕೆಡುತ್ತದೆ. ಹಾಗಾಗಿ ದೊಡ್ಡ ತುಂಡಿನ ರಿಪೋರ್ಟೇ ಹೆಚ್ಚು ನಂಬಿಗಸ್ತ ಎನ್ನುವಂತಿಲ್ಲ.

ಎರಡೂ ಕಡೆಯ ಬ್ಲಾಕ್ ತರಿಸಿ ಒಬ್ಬರೇ ಪೆಥಾಲಜಿಸ್ಟ್‌ಗೆ ತೋರಿಸಿ ಎಂದರು ಡಾಕ್ಟರು. ಬ್ಲಾಕ್ ಎಂದರೆ ಮೇಣದಲ್ಲಿ ಹೂತಿಟ್ಟ ಅಂಗಾಂಶ, ಪ್ಲಾಸ್ಟಿಕ್ ಚೌಕಟ್ಟಿನ ಅಂಚಿನಲ್ಲಿ ಒಂದು ನಂಬರು. ರೋಗಿಯ ಕಡೆಯವರು ಅರ್ಜಿ ಬರೆದುಕೊಟ್ಟು ಪಡೆಯಬಹುದು; ಮುಂಬೈಯ ಟಾಟಾ ಮೆಮೋರಿಯಲ್‌ನಂಥಲ್ಲಿ ಹೊರಗಿನ ಬ್ಲಾಕ್‌ಗಳ ಮರುಪರಿಶೀಲನೆ ನಿತ್ಯದ ಕೆಲಸ. ನಮ್ಮವು ಸುಬ್ರಹ್ಮಣ್ಯದ ರಾತ್ರಿ ಬಸ್ಸಿನಲ್ಲಿ ತಮ್ಮನ ಬ್ಯಾಗಿನಲ್ಲಿ ಬೆಂಗಳೂರಿಗೆ ಹೋದವು.

ಅಲ್ಲಿ ನೋಡಿದವರು ಮೊದಲು ಹುಡುಕಿದ್ದು ಕ್ಯಾನ್ಸರನ್ನಲ್ಲ, ಪಕ್ಕದ ಆರೋಗ್ಯವಂತ ಹಾಲಿನ ನಾಳಗಳನ್ನು. ಈಸ್ಟ್ರೋಜನ್ ರಿಸೆಪ್ಟರ್ ಪರೀಕ್ಷೆ ಸರಿಯಾಗಿದ್ದರೆ ಅವುಗಳಲ್ಲಿ ಕೆಲವು ಕೋಶಗಳಾದರೂ ಕಂದುಬಣ್ಣ ಹಿಡಿಯಬೇಕು. ದೊಡ್ಡ ತುಂಡಿನಲ್ಲಿ ಅವೂ ಬಿಳಿಚಿಕೊಂಡಿದ್ದವು. ಗಡ್ಡೆಯ ಅಂಚಿಗೆ ಮಾತ್ರ ಒಂದಿಷ್ಟು ಬಣ್ಣ. ಅಂದರೆ ಕೆಟ್ಟದ್ದು ಪರೀಕ್ಷೆ. ಸೂಜಿಯ ತುಂಡಿನ ಶೇ. 90 ಉಳಿಯಿತು. ಹರ್-2 ಎರಡು ಪ್ಲಸ್ ಎಂದರೆ ಇದೆಯೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅದಕ್ಕೆ ಫಿಶ್ ಎಂಬ ಇನ್ನೊಂದು ಪರೀಕ್ಷೆಯೇ ಆಗಬೇಕು. ಆಯಿತು, ನೆಗೆಟಿವ್. ಪಾಸಿಟಿವ್ ಆಗಿದ್ದರೂ ಕೈಚೆಲ್ಲಬೇಕಿರಲಿಲ್ಲ: ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನ ಟ್ರಾಸ್ಟುಝುಮಾಬನ್ನು ಮಾರುಕಟ್ಟೆಗೆ ತಂದ ಮೇಲೆ ಆ ಔಷಧಿ ಮೊದಲಿನಷ್ಟು ದುಬಾರಿಯಲ್ಲ.

ಇದಕ್ಕೆಲ್ಲ ಕೆಲವು ವಾರ ಹಿಡಿಯಿತು. ಗುಂಪಿನಲ್ಲಿ ನಮಗೇ ಹೆಚ್ಚು ಆತುರ. ಅಷ್ಟು ದಿನ ಕಾದರೆ ಅಪಾಯವಿಲ್ಲ, ತಪ್ಪು ಔಷಧಿ ಶುರುಮಾಡಿದರೆ ಇದೆ ಎಂದರು ಡಾಕ್ಟರು. ಈಗ ಉಳಿದಿರುವುದು ಮಾತ್ರೆಯ ಮೊದಲು ಕೀಮೋ ಬೇಕೇ ಎಂಬ ಪ್ರಶ್ನೆ. ಅದನ್ನು ಅಂದಾಜಿಸಲು ಬೆಂಗಳೂರಿನದೇ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆ ಇದೆ. ಅದಕ್ಕೂ ಬ್ಲಾಕೇ ಬೇಕು. ಯಾವ ಬ್ಲಾಕ್ ಕಳಿಸುವುದೆಂದು ಈ ಸಲ ನಮ್ಮ ಗುಂಪಿನಲ್ಲಿ ಚರ್ಚೆಯಾಗಲಿಲ್ಲ.